ಹಣಕಾಸು ಪ್ರಶ್ನೋತ್ತರ: ಖಾತೆಯಿಂದ ಕಟ್ ಆದ ದುಡ್ಡು

ಪ್ರಶ್ನೆ: ಖಾಸಗಿ ಬ್ಯಾಂಕೊಂದರಲ್ಲಿ ನನ್ನ ಉಳಿತಾಯ ಖಾತೆ ಇದೆ. ಮೀನು ವ್ಯಾಪಾರದ ದುಡ್ಡೆಲ್ಲ ಅದಕ್ಕೇ ಬರುತ್ತದೆ. ಮಳೆಗಾಲದಲ್ಲಿ ಬೋಟು ನಿಂತ ಮೇಲೆ ಬ್ಯಾಲೆನ್ಸ್ ತಳ ಹಿಡಿಯುತ್ತದೆ. ಆಗಸ್ಟ್‌ನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಮೂರ್ನಾಲ್ಕು ಕಡೆ ದುಡ್ಡು ಕಟ್ ಆಗಿದೆ. ಕೇಳಿದರೆ ‘ಸಿಸ್ಟಮ್ಮೇ ತಗೊಂಡಿದೆ’ ಅನ್ನುತ್ತಾರೆ. ಖಾತೆ ಮುಚ್ಚಿ ಬೇರೆ ಬ್ಯಾಂಕಿಗೆ ಹೋಗಲೇ?
– ಓದುಗರು, ಕಾರವಾರ

ಉತ್ತರ: ಮುಚ್ಚುವ ಮಾತು ಆಮೇಲೆ. ಕಟ್ ಆದ ಒಂದೊಂದು ಮೊತ್ತದ ಪಕ್ಕದಲ್ಲೂ ಪಾಸ್‌ಬುಕ್ಕಿನಲ್ಲಿ ಚಿಕ್ಕದೊಂದು ವಿವರ ಅಚ್ಚಾಗಿರುತ್ತದೆ, ಮೊದಲು ಅದನ್ನು ಓದಿ. ‘ಎಎಂಬಿ’ ಎಂದಿದ್ದರೆ ಸರಾಸರಿ ಬ್ಯಾಲೆನ್ಸ್ ಇಲ್ಲದ್ದಕ್ಕೆ ಹಾಕಿದ ದಂಡ. ‘ಎಟಿಎಂ ಎಎಂಸಿ’ ಎಂದರೆ ಕಾರ್ಡಿನ ವಾರ್ಷಿಕ ಶುಲ್ಕ. ‘ರಿಟರ್ನ್’ ಎಂದಿದ್ದರೆ ಸಾಲದ ಕಂತೋ ವಿಮೆಯ ಕಂತೋ ಹಣ ಸಾಲದೆ ವಾಪಸ್ ಹೋಗಿದೆ. ಇದೇ ಎಲ್ಲಕ್ಕಿಂತ ದುಬಾರಿ, ಮೇಲಿಂದ ಸಾಲ ಕೊಟ್ಟವರೂ ತಮ್ಮ ದಂಡ ಬೇರೆ ಸೇರಿಸುತ್ತಾರೆ. 436 ರೂಪಾಯಿ ಅಥವಾ 20 ರೂಪಾಯಿ ಹೋಗಿದ್ದರೆ ಅದು ಶುಲ್ಕವೇ ಅಲ್ಲ, ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಗಳ ವರ್ಷದ ಕಂತು. ವಿಮೆ ವರ್ಷ ಜೂನ್ 1ರಿಂದ ಶುರುವಾಗುವುದರಿಂದ ಮೇ ಕೊನೆಯ ಹೊತ್ತಿಗೆ ಕಟ್ ಆಗುತ್ತದೆ. ಸಿಟ್ಟಿನಲ್ಲಿ ಅದನ್ನು ನಿಲ್ಲಿಸಬೇಡಿ. ಆದರೆ ಎರಡು ಬ್ಯಾಂಕುಗಳಲ್ಲಿ ಎರಡು ಸಲ ಕಟ್ ಆಗುತ್ತಿದ್ದರೆ ಒಂದನ್ನು ರದ್ದು ಮಾಡಿಸಿ, ಪರಿಹಾರ ಸಿಗುವುದು ಒಂದಕ್ಕೇ.

ನಿಮ್ಮ ಮುಖ್ಯ ತಾಪತ್ರಯ ಸರಾಸರಿಯದ್ದು. ‘ಯಾವತ್ತೂ 5,000 ಇಟ್ಟಿರಬೇಕು’ ಎಂದು ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಪ್ರತಿದಿನದ ಕೊನೆಗೆ ಖಾತೆಯಲ್ಲಿ ಇದ್ದದ್ದನ್ನು ಕೂಡಿ ದಿನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ನಿಮ್ಮ ಬ್ಯಾಂಕ್ ಕೇಳುವುದು ತಿಂಗಳ ಸರಾಸರಿ 5,000 ಎಂದಿಟ್ಟುಕೊಳ್ಳಿ. ಜೂನ್‌ನ 30 ದಿನದ ಮೊತ್ತ 1,50,000 ಆಗಬೇಕು. ಮೊದಲ 20 ದಿನ ಬರೀ 500 ಇತ್ತು, ಅಂದರೆ 10,000 ಆಯಿತು. ಉಳಿದ 10 ದಿನ 14,000 ಇಟ್ಟರೆ 1,40,000 ಸೇರಿ ಲೆಕ್ಕ ಚುಕ್ತಾ, ದಂಡ ಇಲ್ಲ. ದೊಡ್ಡ ಮೊತ್ತವೊಂದು ಎರಡೇ ದಿನ ನಿಂತು ಹೋದರೂ ಸರಾಸರಿ ಮೇಲೇಳುತ್ತದೆ. ಹಾಗಾಗಿ ವ್ಯಾಪಾರಿಗೆ ಕೊಡಬೇಕಾದ ದುಡ್ಡು ಬಂದ ದಿನವೇ ಪೂರ್ತಿ ತೆಗೆಯಬೇಡಿ.

ಇನ್ನೊಂದು ಸೂಕ್ಷ್ಮ. ಕೆಲವು ಬ್ಯಾಂಕುಗಳು ತಿಂಗಳ ಬದಲು ಮೂರು ತಿಂಗಳ ಸರಾಸರಿ ನೋಡುತ್ತವೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಜೂನ್ 1ರಿಂದ ಜುಲೈ 31ರ ತನಕ. ಮೂರು ತಿಂಗಳ ಲೆಕ್ಕದಲ್ಲಿ ಜೂನ್ ಏಪ್ರಿಲ್-ಮೇ ಜೊತೆಗೆ ಹೋಗುತ್ತದೆ, ಜುಲೈ ಆಗಸ್ಟ್-ಸೆಪ್ಟೆಂಬರ್ ಜೊತೆಗೆ. ಎರಡೂ ಕಡೆ ಕೈಯಲ್ಲಿ ಕಾಸು ಓಡಾಡುವ ತಿಂಗಳು ಇರುವುದರಿಂದ ಬಚಾವಾಗುತ್ತೀರಿ. ತಿಂಗಳ ಲೆಕ್ಕದ ಬ್ಯಾಂಕಿನಲ್ಲಿ ಎರಡು ಸಲ ಪೆಟ್ಟು ಬೀಳುತ್ತದೆ. ಯಾವ ಲೆಕ್ಕ ಎಂದು ಖಾತೆ ತೆರೆಯುವಾಗಲೇ ಕೇಳಬೇಕಾದ ಪ್ರಶ್ನೆ ಇದು, ಯಾರೂ ಕೇಳುವುದಿಲ್ಲ.

ಸಿಸ್ಟಮ್ ತಗೊಂಡಿದೆ ಅನ್ನುವುದು ಉತ್ತರವಲ್ಲ. 2015ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ಸೂಚನೆಯ ಪ್ರಕಾರ ಬ್ಯಾಲೆನ್ಸ್ ಕಡಿಮೆಯಾದಾಗ ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು, ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡ ಎಷ್ಟು ಕೊರತೆಯೋ ಅಷ್ಟರ ಪ್ರಮಾಣದಲ್ಲಿರಬೇಕು. ಈ ದಂಡದಿಂದಾಗಿಯೇ ಖಾತೆ ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲ. ನೋಟಿಸ್ ಬಂದಿರದಿದ್ದರೆ ‘ಯಾವ ದಿನ, ಯಾವ ನಂಬರಿಗೆ ಕಳಿಸಿದಿರಿ’ ಎಂದು ಬರೆದು ಕೊಡಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮೊಬೈಲ್ ನಂಬರ್ ಬದಲಾಯಿಸಿ ಬ್ಯಾಂಕಿಗೆ ಹೇಳದವರ ವಾದ ಇಲ್ಲಿ ನಿಲ್ಲುವುದಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಡಬಹುದು, ಅದಕ್ಕೆ ಫೀಸಿಲ್ಲ. ಮಾಹಿತಿಗೆ 14448.

ಇನ್ನು ಬದಲಿ ದಾರಿ. ಬೇರೆ ಬ್ಯಾಂಕಿಗೆ ಓಡುವ ಮೊದಲು ಈಗಿನ ಖಾತೆಯನ್ನೇ ‘ಮೂಲ ಉಳಿತಾಯ ಖಾತೆ’ಗೆ ಬದಲಿಸಿಕೊಡಿ ಎಂದು ಅರ್ಜಿ ಕೊಡಿ. ಕೌಂಟರಿನಲ್ಲಿ ಇದರ ಹೆಸರು ಬಿಎಸ್‌ಬಿಡಿ. ಕನಿಷ್ಠ ಬ್ಯಾಲೆನ್ಸ್ ಬೇಡ, ಎಟಿಎಂ ಕಾರ್ಡಿಗೆ ದುಡ್ಡಿಲ್ಲ, ಎಷ್ಟು ಸಲ ಬೇಕಾದರೂ ಜಮಾ ಮಾಡಬಹುದು, ತಿಂಗಳಿಗೆ ಕನಿಷ್ಠ 4 ಸಲ ತೆಗೆಯುವುದು ಉಚಿತ. ಆ ನಾಲ್ಕರಲ್ಲಿ ಎಟಿಎಂ ಕೂಡ ಸೇರುತ್ತದೆ, ಆದ್ದರಿಂದ 500 ಐದು ಸಲ ತೆಗೆಯುವ ಬದಲು 2,500 ಒಂದೇ ಸಲ ತೆಗೆಯಿರಿ. ಅದೇ ಬ್ಯಾಂಕಿನಲ್ಲಿ ನಿಮ್ಮದೇ ಇನ್ನೊಂದು ಉಳಿತಾಯ ಖಾತೆ ಇರಬಾರದು ಎಂಬುದೊಂದು ಶರತ್ತು. ಈ ಖಾತೆ ಬಡವರಿಗೆ ಮಾತ್ರ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಆದಾಯದ ಮಿತಿ ಇಲ್ಲ. ಅದೇ ಖಾತೆ ನಂಬರ್ ಉಳಿಯುತ್ತದೆಯೇ ಎಂಬುದನ್ನು ಅರ್ಜಿ ಕೊಡುವ ಮೊದಲೇ ವಿಚಾರಿಸಿ.

ಅಷ್ಟಕ್ಕೂ ಬ್ಯಾಂಕ್ ಬದಲಿಸಲೇಬೇಕೆಂದಿದ್ದರೆ, ಸಾಮಾನ್ಯ ಉಳಿತಾಯ ಖಾತೆಗೆ ಕನಿಷ್ಠ ಬ್ಯಾಲೆನ್ಸ್ ದಂಡವನ್ನು ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲೇ ಕೈಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಬಿಟ್ಟಿದೆ. ದಂಡ ಹೋಯಿತೆಂದು ಕಾರ್ಡಿನ ಶುಲ್ಕ ಹೋಗಿಲ್ಲ.

ಪ್ರಶ್ನೆ: ಅಡಿಕೆ ಮಾರಿದ ದುಡ್ಡು ವರ್ಷಕ್ಕೆ ಎರಡು ಮೂರು ಸಲ ದೊಡ್ಡ ಮೊತ್ತದಲ್ಲಿ ಬರುತ್ತದೆ. ಬ್ಯಾಂಕಿನ ಕಿರಿಕಿರಿ ಬೇಡವೆಂದು ಎಲ್ಲವನ್ನೂ ಊರಿನ ಸೊಸೈಟಿಯಲ್ಲೇ ಇಡಬೇಕೆಂದಿದ್ದೇನೆ. ಬಡ್ಡಿಯೂ ಜಾಸ್ತಿ.
– ಓದುಗರು, ಶಿರಸಿ

ಉತ್ತರ: ಶುಲ್ಕದ ಮಟ್ಟಿಗೆ ನಿಮ್ಮ ಮಾತು ಸರಿ, ಸುರಕ್ಷತೆಯ ಮಟ್ಟಿಗೆ ಅಲ್ಲ. ಬ್ಯಾಂಕಿನ ಠೇವಣಿಗೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು-ಬಡ್ಡಿ ಸೇರಿ 5 ಲಕ್ಷದ ತನಕ ಠೇವಣಿ ವಿಮೆ ಇದೆ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಇವೆಲ್ಲ ಅದರಡಿ ಬರುತ್ತವೆ. ಸೇವಾ ಸಹಕಾರಿ ಸಂಘ, ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳು ಬರುವುದಿಲ್ಲ. ಸಂಘ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಈ ವ್ಯತ್ಯಾಸ ಹಾಗೇ ಇರುತ್ತದೆ. ಸಂಘದಲ್ಲಿ ವ್ಯವಹಾರ, ಬೆಳೆಸಾಲ ನಡೆಸಿ. ಜೀವಮಾನದ ಉಳಿತಾಯವನ್ನು ಅಲ್ಲೊಂದೇ ಕಡೆ ರಾಶಿ ಹಾಕಬೇಡಿ. ಅಂದಹಾಗೆ ವರ್ಷಕ್ಕೆ ಮೂರು ಸಲ ದೊಡ್ಡ ಮೊತ್ತ ಬಂದು ಮಧ್ಯೆ ಖಾಲಿ ಇರುವ ನಿಮ್ಮಂಥ ಖಾತೆಗೇ ಮೇಲೆ ಹೇಳಿದ ಮೂಲ ಉಳಿತಾಯ ಖಾತೆ ಹೊಂದುತ್ತದೆ.

ಅಂಚೆ ಕಚೇರಿಯೂ ಇದೆ. ಅಲ್ಲಿನ ಉಳಿತಾಯ ಖಾತೆಗೆ 500 ರೂಪಾಯಿ ಇದ್ದರೆ ಸಾಕು, ಬಡ್ಡಿ ವರ್ಷಕ್ಕೆ ಶೇ. 4. ಮಾರ್ಚ್ 31ಕ್ಕೆ 500ಕ್ಕಿಂತ ಕಡಿಮೆ ಇದ್ದರೆ ಮಾತ್ರ 50 ರೂಪಾಯಿ ಮುರಿಯುತ್ತಾರೆ. ಅದೇ ಕಟ್ಟಡದಲ್ಲಿ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಎಂದು ಬೇರೆಯದೇ ಖಾತೆ ಕೊಡುತ್ತಾರೆ. ಅದಕ್ಕೆ ಬ್ಯಾಲೆನ್ಸ್ ಸೊನ್ನೆ ಇದ್ದರೂ ನಡೆಯುತ್ತದೆ, ದಿನದ ಕೊನೆಗೆ 2 ಲಕ್ಷ ಮೀರುವಂತಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುವವರು ಬಹಳ.

ಪ್ರಶ್ನೆ: ಎಟಿಎಂಗೆ ಹೋದಾಗ 27 ರೂಪಾಯಿ 14 ಪೈಸೆ ಕಟ್ ಆಗುತ್ತಿದೆ. ಮೊನ್ನೆ ನೆಟ್‌ವರ್ಕ್ ಹೋಗಿ 3,000 ಹೊರಗೆ ಬರಲೇ ಇಲ್ಲ, ಖಾತೆಯಲ್ಲಿ ಮಾತ್ರ ಕಡಿಮೆಯಾಗಿದೆ.
– ಓದುಗರು, ಜೋಯಿಡಾ

ಉತ್ತರ: ಉಚಿತ ಸಂಖ್ಯೆ ಮುಗಿದ ಮೇಲೆ 2025ರ ಮೇ 1ರಿಂದ ಗರಿಷ್ಠ 23 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ, ಅಲ್ಲಿಗೆ 27.14. ಮಹಾನಗರ ಅಲ್ಲದ ನಮ್ಮ ಕಡೆ ತಿಂಗಳಿಗೆ ಸ್ವಂತ ಬ್ಯಾಂಕಿನ ಎಟಿಎಂನಲ್ಲಿ 5, ಬೇರೆ ಬ್ಯಾಂಕಿನದ್ದರಲ್ಲಿ 5 ಉಚಿತ. ಬರೀ ಬ್ಯಾಲೆನ್ಸ್ ನೋಡಿದ್ದು, ಮಿನಿ ಸ್ಟೇಟ್‌ಮೆಂಟ್ ತೆಗೆದದ್ದು ಬೇರೆ ಬ್ಯಾಂಕಿನ ಎಟಿಎಂನಲ್ಲಿ ಆ ಐದರಲ್ಲೇ ಲೆಕ್ಕ. ಮೊದಲು ಬ್ಯಾಲೆನ್ಸ್ ನೋಡಿ ಆಮೇಲೆ ದುಡ್ಡು ತೆಗೆಯುವ ಅಭ್ಯಾಸ ಇದ್ದರೆ ಎರಡೆರಡು ಖರ್ಚಾಗುತ್ತಾ ಹೋಗುತ್ತದೆ. ಬ್ಯಾಲೆನ್ಸನ್ನು ಯುಪಿಐ ಆ್ಯಪಿನಲ್ಲೋ ಬ್ಯಾಂಕಿನ ಮಿಸ್ಡ್ ಕಾಲ್ ನಂಬರಿನಲ್ಲೋ ನೋಡಿ.

ಯಂತ್ರದ ಅಥವಾ ನೆಟ್‌ವರ್ಕಿನ ದೋಷದಿಂದ ವಿಫಲವಾದದ್ದು ಉಚಿತ ಸಂಖ್ಯೆಯಲ್ಲಿ ಸೇರಬಾರದು. ಕಟ್ ಆದ 3,000 ಆ ದಿನ ಬಿಟ್ಟು 5 ದಿನದೊಳಗೆ ತಾನಾಗಿಯೇ ವಾಪಸ್ ಜಮಾ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ, ನೀವು ಕೇಳದಿದ್ದರೂ. ಬಾರದಿದ್ದರೆ ದೂರನ್ನು ಎಟಿಎಂ ಯಾರದೋ ಅವರಿಗಲ್ಲ, ಕಾರ್ಡ್ ಕೊಟ್ಟ ನಿಮ್ಮ ಬ್ಯಾಂಕಿಗೆ ಕೊಡಿ. ಎಟಿಎಂ ಇದ್ದ ಜಾಗ, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಸ್ಲಿಪ್ ಬಂದಿದ್ದರೆ ಫೋಟೋ ತೆಗೆದಿಡಿ, ಶಾಯಿ ಬೇಗ ಮಾಸುತ್ತದೆ.

ಪ್ರಶ್ನೆ: ಅತ್ತೆಯ ಹಳೆ ಖಾತೆ ಮುಚ್ಚಿ ಹೊಸ ಬ್ಯಾಂಕಿಗೆ ಹಾಕುತ್ತಿದ್ದೇವೆ. ಗೃಹಲಕ್ಷ್ಮಿ ದುಡ್ಡು ನಿಂತು ಹೋಗುತ್ತದೆಯೇ?
– ಓದುಗರು, ಕುಮಟಾ

ಉತ್ತರ: ಅವಸರದಲ್ಲಿ ಮುಚ್ಚಿದರೆ ನಿಲ್ಲುತ್ತದೆ. ಈ ದುಡ್ಡು ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ, ನೀವು ಫಾರ್ಮಿನಲ್ಲಿ ಬರೆದ ನಂಬರಿಗಲ್ಲ. ಹೊಸ ಖಾತೆ ತೆರೆದು ‘ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿ’ ಎಂದೇ ಬರೆದು ಕೊಡಿ. ಡಿಬಿಟಿ ಎಂದರೆ ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರುವುದು, ಸೀಡಿಂಗ್ ಎಂದರೆ ಅದಕ್ಕಾಗಿ ಆಧಾರ್ ಜೋಡಿಸುವುದು. ಕೆವೈಸಿಗೆ ಆಧಾರ್ ಕೊಟ್ಟರೆ ಸೀಡಿಂಗ್ ಆದಂತಲ್ಲ, ಎಡವುವುದು ಇಲ್ಲೇ. ಮೈ ಆಧಾರ್ ಪೋರ್ಟಲಿನ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ಹೊಸ ಬ್ಯಾಂಕಿನ ಹೆಸರು ಬಂದಿದೆಯೇ ನೋಡಿ. ಒಂದು ಕಂತು ಅಲ್ಲಿಗೆ ಬಿದ್ದ ಮೇಲೆ ಹಳೆಯದನ್ನು ಮುಚ್ಚಿ. ಆಗ ಕಾರ್ಡ್, ಉಳಿದ ಚೆಕ್ ಹಾಳೆ, ಪಾಸ್‌ಬುಕ್ ಒಪ್ಪಿಸಬೇಕು. ಖಾತೆ ತೆರೆದು ವರ್ಷ ಆಗಿರದಿದ್ದರೆ ಮುಚ್ಚುವ ಶುಲ್ಕ ಇದೆಯೇ ಎಂದು ಕೇಳಿ.

ಪ್ರಶ್ನೆ: ನಮ್ಮೂರಿನ ಬ್ಯಾಂಕ್ ಮಿತ್ರ ಹೆಬ್ಬೆಟ್ಟು ಒತ್ತಿಸಿ ದುಡ್ಡು ಕೊಡುವಾಗ 10-20 ರೂಪಾಯಿ ಹಿಡಿದುಕೊಳ್ಳುತ್ತಾರೆ. ಸರಿಯೇ?
– ಓದುಗರು, ಅಂಕೋಲಾ

ಉತ್ತರ: ಸರಿಯಲ್ಲ. ಅವರಿಗೆ ಕಮಿಷನ್ ಕೊಡುವುದು ಬ್ಯಾಂಕ್, ಗ್ರಾಹಕರಿಂದ ನೇರವಾಗಿ ತೆಗೆದುಕೊಳ್ಳುವಂತಿಲ್ಲ. ರಸೀದಿ ಕೇಳಿ, ಕೊಟ್ಟ ನಗದು ಅದರಲ್ಲಿರುವ ಮೊತ್ತದಷ್ಟೇ ಇದೆಯೇ ಎಣಿಸಿ. ಕಡಿಮೆ ಇದ್ದರೆ ಆ ರಸೀದಿಯನ್ನೇ ಲಗತ್ತಿಸಿ ಅವರ ಮೇಲಿನ ಶಾಖೆಗೆ ಬರೆದು ಕೊಡಿ. ‘ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತಿ’ ಎಂದರೆ ಮೊದಲನೆಯದು ವಿಫಲವಾದ ಚೀಟಿ ಕೈಗೆ ಬರುವ ತನಕ ಒತ್ತಬೇಡಿ.