ಒಂದೇ ಫೋನು, ಮೂರು ಇಸವಿ

ಪ್ರಶ್ನೆ: ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 500 ಮಾಡೆಲ್‌ನ ಕಪ್ಪು ಡಯಲ್ ಫೋನ್ ಕೊಂಡೆ. ಮಾರಿದವರು ‘ಪೂರ್ತಿ ಒರಿಜಿನಲ್’ ಎಂದಿದ್ದರು. ಬಿಚ್ಚಿ ನೋಡಿದರೆ ತಳದ ತಗಡಿನ ಮೇಲೆ 5-57 (ಅಂದರೆ 1957ರ ಮೇ) ಎಂಬ ಮುದ್ರೆ ಇದೆ. ಗಂಟೆಯ ಮೇಲೂ 57. ಆದರೆ ಡಯಲ್ ಹಿಂದೆ 61, ಮೇಲಿನ ಕವರ್ ಒಳಗೆ 66. ನಾನು ಮೋಸ ಹೋದೆನಾ?

ಉತ್ತರ: ಬಿಚ್ಚಿ ನೋಡಿದಿರಲ್ಲ, ಅರ್ಧ ಕೆಲಸ ಆಯಿತು. ಇಸವಿ ಬೇರೆ ಬೇರೆ ಇದ್ದ ಮಾತ್ರಕ್ಕೆ ಅದನ್ನು ಮೋಸ ಅನ್ನಲಾರೆ. ವೆಸ್ಟರ್ನ್ ಎಲೆಕ್ಟ್ರಿಕ್ ಫೋನ್ ಮಾಡುತ್ತಿದ್ದದ್ದು ಅಮೆರಿಕದ ಬೆಲ್ ಕಂಪನಿಗೆ. ಆ ಕಾಲದಲ್ಲಿ ಬೆಲ್ ಫೋನ್ ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಕೆಟ್ಟದ್ದು, ಗೀರಾದದ್ದು ವಾಪಸ್ ಹೋಗುತ್ತಿತ್ತು. ಅಲ್ಲಿ ಸವೆದದ್ದನ್ನು ತೆಗೆದು, ಬೇರೆ ಭಾಗ ಹಾಕಿ, ಮತ್ತೊಂದು ಮನೆಗೆ ಕಳಿಸುತ್ತಿದ್ದರು. ನಿಮ್ಮ ಫೋನ್ ಹೀಗೆ 66ರಲ್ಲೋ ಆಮೇಲೋ ರಿಪೇರಿಗೆ ಹೋಗಿ ಬಂದದ್ದಿರಬಹುದು. ತಳದಲ್ಲಿ ಇನ್ನೊಂದು ತಾರೀಖಿನ ಮುದ್ರೆ ಇದೆಯಾ ನೋಡಿ. ಇದ್ದರೆ ಅದೇ ಸಾಕ್ಷಿ.

ಹಾಗಂತ ‘ಪೂರ್ತಿ ಒರಿಜಿನಲ್’ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆಯಿಂದ ಬಂದಂತೆಯೇ ಉಳಿದ ಫೋನಿನಲ್ಲಿ ಎಲ್ಲ ತಾರೀಖೂ ಕೆಲವೇ ತಿಂಗಳ ಅಂತರದಲ್ಲಿರುತ್ತವೆ. ನಿಮ್ಮದು ‘ಕಂಪನಿಯೇ ರಿಪೇರಿ ಮಾಡಿದ್ದು’ ಆಗಿರಬಹುದು. ಇಲ್ಲವೇ ಯಾರೋ ಈಚೆಗೆ ಎರಡು ಮೂರು ಫೋನ್ ಬಿಚ್ಚಿ ಒಂದು ಮಾಡಿರಬಹುದು.

ತಿಳಿಯೋದು ಹೇಗೆ? ನಾನು ಮೊದಲು ಹ್ಯಾಂಡ್‌ಸೆಟ್ ಹಿಡಿಯುತ್ತೇನೆ. ಎರಡೂ ತುದಿಯ ಮುಚ್ಚಳ ತಿರುಗಿಸಿ ತೆಗೆಯಿರಿ. ಮಾತಾಡುವ ಬಿಲ್ಲೆ, ಕೇಳುವ ಬಿಲ್ಲೆ, ಪ್ಲಾಸ್ಟಿಕ್ಕಿನ ಒಳಮೈ, ಎಲ್ಲ ಕಡೆಯೂ ತಾರೀಖು ಹುಡುಕಿ. ಪ್ಲಾಸ್ಟಿಕ್ ಮೂಸಿಯೂ ನೋಡಿ! 50ರ ದಶಕದ ಮೆದು ಪ್ಲಾಸ್ಟಿಕ್ ಹಳಸಿದ ಬೆಣ್ಣೆಯ ಹಾಗೆ ಕಮಟು ವಾಸನೆ ಹೊಡೆಯುತ್ತದೆ. ಆಮೇಲೆ ಬಂದ ಎಬಿಎಸ್ ಪ್ಲಾಸ್ಟಿಕ್ಕಿಗೆ ಆ ವಾಸನೆ ಇಲ್ಲ, ತಟ್ಟಿದರೆ ಗಟ್ಟಿಯಾಗಿ ಟಕ್ ಅನ್ನುತ್ತದೆ. ನಿಮ್ಮ 66ರ ಕವರ್ ಈ ಗಟ್ಟಿ ಜಾತಿಯದ್ದೇ ಇರಬೇಕು. ಹಿಡಿಯ ಮೇಲೆ ‘ಬೆಲ್ ಸಿಸ್ಟಮ್ ಪ್ರಾಪರ್ಟಿ’ ಎಂಬ ಅಕ್ಷರ ಇದ್ದರೆ ಅಂಚು ಚೂಪಾಗಿದೆಯಾ ನೋಡಿ. ಮಸುಕಾಗಿದ್ದರೆ ಯಾರೋ ಉಜ್ಜಿ ಪಾಲಿಶ್ ಹೊಡೆದಿದ್ದಾರೆ. ಹೊಳಪು ಜಾಸ್ತಿ ಇದ್ದಷ್ಟೂ ನನಗೆ ಅನುಮಾನ ಜಾಸ್ತಿ.

ಆಮೇಲೆ ಸ್ಕ್ರೂ ತಲೆಗಳು. ಡಯಲ್ ಕಟ್ಟಿರುವ ಸ್ಕ್ರೂಗಳ ತಲೆಯ ಸೀಳು ಹೊಸದಾಗಿ ಗೀರಾಗಿ ಮಿಂಚುತ್ತಿದ್ದರೆ ಅದು ಈಚಿನ ಕೈವಾಡ. ಫೋನಿನ ವಯರನ್ನೂ ನೋಡಿ. 57ರ ಫೋನಿನಲ್ಲಿ ತಂತಿಗಳು ಒಳಗೆ ಸ್ಕ್ರೂಗೆ ಬಿಗಿದಿರಬೇಕು. ಕಿತ್ತು ಹಾಕುವ ಚಿಕ್ಕ ಪ್ಲಗ್ಗು 70ರ ದಶಕದ್ದು.

ಇಷ್ಟೆಲ್ಲ ಮಾಡುವಾಗ ಫೋನ್ ಲೈನಿಗೆ ಸಿಕ್ಕಿಸಿರಬಾರದು. ಗಂಟೆ ಹೊಡೆಯುವಾಗ ಸುಮಾರು 90 ವೋಲ್ಟ್ ಬರುತ್ತದೆ, ಚುರುಕ್ ಅನ್ನಿಸುತ್ತದೆ.

ಡಯಲ್ ಬದಲಾಯಿಸಲು 57ರದ್ದನ್ನು ಹುಡುಕಬೇಕಾ ಅಂತ ಕೇಳುತ್ತೀರಿ ಅಂತ ಗೊತ್ತು. ಬೇಡ. ಮೇಲಿನದೆಲ್ಲ ಸರಿಯಾಗಿದ್ದರೆ ಆ 61ರ ಡಯಲ್ಲೂ ಕಂಪನಿಯೇ ಹಾಕಿದ್ದಿರಬಹುದು. ಅದನ್ನು ಕಿತ್ತರೆ ಫೋನಿನ ನಿಜವಾದ ಚರಿತ್ರೆ ಅಳಿಸುವವರು ನೀವೇ ಆಗುತ್ತೀರಿ.

ಪ್ರಶ್ನೆ: ನನ್ನ ‘ಹಳೇ’ ಫೋನಿನ ಡಯಲ್ ತಿರುಗುವುದಿಲ್ಲ. ರಂಧ್ರಗಳಲ್ಲಿ ಬೆರಳಿಟ್ಟರೆ ಒತ್ತಿಕೊಳ್ಳುತ್ತದೆ. ರಿಪೇರಿ ಆಗುತ್ತದಾ?

ಉತ್ತರ: ಅದು ಕೆಟ್ಟಿಲ್ಲ, ಇರೋದೇ ಹಾಗೆ. ಹಳೇ ವೇಷ ಹಾಕಿದ ಬಟನ್ ಫೋನ್. ಕಾಲ್ ಮಾಡೋಕೆ ಧಾರಾಳವಾಗಿ ಬಳಸಿ. ಮಾರುವಾಗ ಮಾತ್ರ ‘ಆಂಟಿಕ್’ ಅನ್ನಬೇಡಿ.