ಹ್ಯಾಮ್ ರೇಡಿಯೊ ಪರೀಕ್ಷೆಗೆ ಎಂಜಿನಿಯರಿಂಗ್ ಓದಿರಬೇಕೆ?

ಬಿ.ಕಾಂ. ಓದಿದವರಿಗೆ ಹ್ಯಾಮ್ ಪರವಾನಗಿ, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಇತರರೊಡನೆ ಮಾತನಾಡುವ ಅನುಮತಿ, ಸಿಗುತ್ತದೆಯೇ, ಎಷ್ಟು ಎಲೆಕ್ಟ್ರಾನಿಕ್ಸ್ ತಿಳಿದಿರಬೇಕು ಎಂದು ಕೇಳಿದ್ದೀರಿ. ಖಂಡಿತ ಸಿಗುತ್ತದೆ. ನಮ್ಮ ದೇಶದಲ್ಲಿ 12 ವರ್ಷ ತುಂಬಿದ ಮಕ್ಕಳೂ ಈ ಪರೀಕ್ಷೆ ಬರೆಯಬಹುದು. ನಿರ್ಬಂಧಿತ ದರ್ಜೆಗಾದರೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕೂಡ ಬೇಡ.

ಓಮ್‌ನ ನಿಯಮ, ಕೆಪಾಸಿಟರ್, ಕಾಯಿಲ್, ಮಾಡ್ಯುಲೇಶನ್ ಇವೆಲ್ಲ ಹೈಸ್ಕೂಲಿನ ವಿಜ್ಞಾನದಿಂದ ಸ್ವಲ್ಪವೇ ಮುಂದೆ. ಆದರೆ ಆಂಟೆನಾ ಪಾಠವನ್ನು ದಯವಿಟ್ಟು ಬಾಯಿಪಾಠ ಮಾಡಬೇಡಿ. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ತರಂಗದ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 42 ಮೀಟರ್. ಅದರ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ ಸುಮಾರು 20 ಮೀಟರ್ ತಂತಿ ಸಾಕು, ಡೈಪೋಲ್ ಎಂಬ ಸರಳ ಆಂಟೆನಾ ಸಿದ್ಧ. ನಾನು ಬೇಕೆಂದೇ ತುಸು ಉದ್ದ ಬಿಟ್ಟು ಎರಡು ತೆಂಗಿನಮರಗಳ ನಡುವೆ ಕಟ್ಟಿದೆ. ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಮೇಲೇರಿತು. ಕಳಿಸಿದ ಶಕ್ತಿಯಲ್ಲಿ ಒಂದು ಪಾಲು ತಂತಿಯಿಂದ ಹೊರಹೊಮ್ಮದೆ ಹಿಂದಿರುಗುತ್ತಿದೆ ಎಂದು ಅದರ ಅರ್ಥ. ಎರಡೂ ತುದಿಗಳಲ್ಲಿ ಒಂದೊಂದು ಗೇಣು ಕತ್ತರಿಸಿದ ಮೇಲೆ ಮುಳ್ಳು ಇಳಿಯಿತು. ಆ ಸಂಜೆ ಕಲಿತದ್ದನ್ನು ನಾನು ಮತ್ತೆಂದೂ ಪುಸ್ತಕ ತೆರೆದು ನೋಡಬೇಕಾಗಲಿಲ್ಲ.

ಅದೇ ತಂತಿಯಲ್ಲಿ ಹಗಲು ಚೆನ್ನೈ, ಹೈದರಾಬಾದಿನ ದನಿಗಳು ಕೇಳಿಸಿದರೆ ರಾತ್ರಿ ಸಾವಿರಾರು ಕಿಲೋಮೀಟರ್ ಆಚೆಯವು ತೇಲಿ ಬರುತ್ತವೆ. ವಾತಾವರಣದ ಮೇಲ್ಭಾಗದ ವಿದ್ಯುದಾವೇಶಿತ ಪದರಗಳಾದ ಅಯಾನುಗೋಳದಲ್ಲಿ ಅಲೆಗಳನ್ನು ಹೀರುವ ಡಿ ಪದರ ಸೂರ್ಯ ಮುಳುಗಿದೊಡನೆ ಕರಗುತ್ತದೆ. ಮೇಲಿನ ಎಫ್ ಪದರ ಅಲೆಗಳನ್ನು ಭೂಮಿಗೆ ಮರಳಿಸುತ್ತದೆ. ಪರೀಕ್ಷೆಯಲ್ಲಿ ಇದರ ಬಗ್ಗೆಯೂ ಕೇಳುತ್ತಾರೆ.

ಹೆಚ್ಚಿನವರು ಕಡೆಗಣಿಸುವುದು ನಿಯಮಗಳ ಭಾಗವನ್ನು. ಅದರಲ್ಲಿ ಬೇರೆಯಾಗಿಯೇ ಪಾಸಾಗಬೇಕು. ವ್ಯಾಪಾರದ ಮಾತು, ಹಾಡು ಬಿತ್ತರಿಸುವುದು, ಗುಪ್ತ ಸಂಕೇತ ಇವು ಯಾವುವೂ ಸಲ್ಲವು. ಕಾಲ್‌ಸೈನ್ (ಪರವಾನಗಿಯೊಂದಿಗೆ ಸಿಗುವ ಗುರುತಿನ ಹೆಸರು) ಹೇಳಲೇಬೇಕು, ಸಂಪರ್ಕಗಳ ದಾಖಲೆಯಾದ ಲಾಗ್ ಪುಸ್ತಕ ಬರೆಯಲೇಬೇಕು. ಆಪತ್ತಿನ ಕರೆ ಕೇಳಿಸಿದರೆ ನಮ್ಮ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. 2004ರ ಸುನಾಮಿಯ ಹೊತ್ತಿಗೆ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್‌ಗಳು ತಮ್ಮ ಹವ್ಯಾಸದ ಸಂಪರ್ಕಗಳನ್ನು ಬದಿಗಿಟ್ಟು, ದ್ವೀಪದವರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ತಲುಪಿಸುತ್ತಾ ಕುಳಿತರು. ಆ ನಿಯಮ ಓದುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ನೀವು ಬೆಂಗಳೂರಿನವರು ಎಂದಿದ್ದೀರಿ. ಅಲ್ಲಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಪರೀಕ್ಷೆಗೆ ತರಬೇತಿ ನೀಡುತ್ತಾ ಬಂದಿದೆ, ವಿಚಾರಿಸಿ. ಜೊತೆಗೆ ಪರವಾನಗಿ ಇರುವ ಯಾರಾದರೊಬ್ಬರ ಮನೆಗೆ ಹೋಗಿ, ಅವರು ರೇಡಿಯೊದಲ್ಲಿ ಮಾತನಾಡುವಾಗ ಒಂದು ಗಂಟೆ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ. ಊರಿಗೆ ಕ್ಯುಟಿಎಚ್, ತಲುಪಿತು ಎನ್ನಲು ಕ್ಯುಎಸ್‌ಎಲ್ ಎಂಬ ಮಾತುಗಳು ಅಲ್ಲಿಯೇ ಕಿವಿಗೆ ಹತ್ತುತ್ತವೆ.