ಓದುಗರ ಪ್ರಶ್ನೆ: ಕಳ್ಳ ಬಂದರೆ ಕ್ರೈಸ್ತನು ಕೋವಿ ಹಿಡಿಯಬಹುದೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂಟಿಮನೆ. ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಈ ಸಲ ಸುತ್ತಮುತ್ತಲ ಮನೆಗಳಲ್ಲಿ ಬೇಯಿಸಿ ಅಟ್ಟದ ಮೇಲೆ ಒಣಹಾಕಿದ್ದ ಅಡಿಕೆ ರಾತ್ರೋರಾತ್ರಿ ಕಳುವಾಗಿದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ನನ್ನಲ್ಲಿದೆ. ಅಂಗಳದ ಸುತ್ತ ತಂತಿ ಎಳೆದು ಕರೆಂಟು ಕೊಡು ಎಂದು ನೆರೆಯವರು ಹೇಳುತ್ತಾರೆ. ದೇವರು ಕಾಯುವಾಗ ಕ್ಯಾಮೆರಾ ಹಾಕಿಸುವುದೂ ಅಪನಂಬಿಕೆ ಎಂದು ಸಭೆಯ ಹಿರಿಯರೊಬ್ಬರು ಹೇಳುತ್ತಾರೆ. ಇನ್ನೊಂದು ಕೆನ್ನೆಯನ್ನೂ ಒಡ್ಡು ಎಂದ ಯೇಸುವನ್ನು ನಂಬಿದವನು ಏನು ಮಾಡಬೇಕು?
– ಒಬ್ಬ ಅಡಿಕೆ ಬೆಳೆಗಾರ

ಉತ್ತರ: ಆ ಮಾತು ನಿಮ್ಮ ಕೆನ್ನೆಗೆ ಸಂಬಂಧಿಸಿದ್ದು, ತಾಯಿಯ ಮತ್ತು ಮಕ್ಕಳ ಕೆನ್ನೆಯನ್ನು ಒಡ್ಡಲು ಅದು ನಿಮಗೆ ಅಧಿಕಾರ ಕೊಡುವುದಿಲ್ಲ. ಮತ್ತಾಯ 5:39ರಲ್ಲಿ ಯೇಸು ಹೇಳುವುದು ಬಲಗೆನ್ನೆಗೆ ಬೀಳುವ, ಮರ್ಯಾದೆ ಕಳೆಯುವ ಏಟನ್ನು ಕುರಿತು. ಅದಕ್ಕೆ ಸೇಡು ತೀರಿಸಿಕೊಳ್ಳಬಾರದು ಎಂಬುದು ಅಲ್ಲಿನ ಆಜ್ಞೆ. ಮಹಾಯಾಜಕನ ವಿಚಾರಣೆಯಲ್ಲಿ ಓಲೇಕಾರನೊಬ್ಬನು ಹೊಡೆದಾಗ ಯೇಸು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ನನ್ನನ್ನು ಏಕೆ ಹೊಡೆಯುತ್ತೀ ಎಂದು ನೇರವಾಗಿ ಕೇಳಿದನು.

ನಿಮ್ಮ ಪ್ರಶ್ನೆಗೆ ತೀರ ಹತ್ತಿರವಾದದ್ದು ವಿಮೋಚನಕಾಂಡ 22:2-3. ಕನ್ನ ಕೊರೆಯುವಾಗ ಸಿಕ್ಕ ಕಳ್ಳನು ಏಟಿನಿಂದ ಸತ್ತರೆ ಹೊಡೆದವನ ಮೇಲೆ ರಕ್ತಾಪರಾಧವಿಲ್ಲ. ಆದರೆ ಹೊತ್ತು ಮೂಡಿದ ಮೇಲೆ ಕೊಂದರೆ ಅಪರಾಧವಿದೆ. ಕತ್ತಲಲ್ಲಿ ಬಂದವನ ಕೈಯಲ್ಲಿ ಏನಿದೆ, ಜೊತೆಗೆ ಎಷ್ಟು ಜನರಿದ್ದಾರೆ, ಅವನಿಗೆ ಬೇಕಾದದ್ದು ಮಾಲೋ ಪ್ರಾಣವೋ ಎಂಬುದು ಮನೆಯವನಿಗೆ ತಿಳಿಯುವುದಿಲ್ಲ. ಬೆಳಕಿದ್ದರೆ ಗುರುತು ಹಿಡಿಯಬಹುದು, ಜನರನ್ನು ಕೂಗಬಹುದು, ನಷ್ಟವನ್ನು ಕಟ್ಟಿಸಿಕೊಳ್ಳಬಹುದು. ಕಳ್ಳನ ಪ್ರಾಣಕ್ಕೂ ಲೆಕ್ಕ ಕೇಳುವ ಈ ನಿಯಮದ ಮುಂದೆ ನಾನು ಪ್ರತಿ ಸಲವೂ ತಲೆಬಾಗುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 41ನೆಯ ಕಲಮು ಕೂಡ ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ನಡೆಯುವ ಕನ್ನಗಳವನ್ನು ಬೇರೆಯಾಗಿಯೇ ಎಣಿಸುತ್ತದೆ. ಆದರೆ ಪ್ರಾಣಭಯವಿಲ್ಲದ ಬರೀ ಕಳ್ಳತನವನ್ನು ತಡೆಯಲು ಕೊಲ್ಲುವ ಹಕ್ಕನ್ನು ಕಾನೂನು ಕೊಡುವುದಿಲ್ಲ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂದು 37ನೆಯ ಕಲಮು ಹೇಳುತ್ತದೆ. ಹಾಗಾಗಿ ಅಡಿಕೆ ಮೂಟೆ ಹೊತ್ತು ಓಡುವವನ ಬೆನ್ನಿಗೆ ಗುಂಡು ಹಾರಿಸುವುದು ದೇವರ ಮುಂದೆಯೂ ತಪ್ಪು, ನ್ಯಾಯಾಲಯದ ಮುಂದೆಯೂ ತಪ್ಪು. ಬಾಗಿಲು ಮುರಿದು ಮಚ್ಚು ಹಿಡಿದು ಒಳಗೆ ನುಗ್ಗಿದವನನ್ನು ತಡೆಯುವುದು ನಿಮ್ಮ ಕರ್ತವ್ಯ. ಅವನು ಕೈಚೆಲ್ಲಿದ ಅಥವಾ ಓಡಿದ ಕ್ಷಣಕ್ಕೆ ಆ ಕರ್ತವ್ಯ ಮುಗಿಯುತ್ತದೆ.

ಹಿಂದಿನ ಕಾಲದ ಕ್ರೈಸ್ತ ಗುರುಗಳೆಲ್ಲ ಈ ವಿಷಯದಲ್ಲಿ ಒಮ್ಮತದಿಂದ ಇರಲಿಲ್ಲ. ಸೈನಿಕನೋ ಅಧಿಕಾರಿಯೋ ಅಲ್ಲದವನು ತನ್ನ ಜೀವ ಉಳಿಸಿಕೊಳ್ಳಲು ಇನ್ನೊಬ್ಬನನ್ನು ಕೊಲ್ಲುವುದನ್ನು ಆದಿಸಭೆಯ ಧರ್ಮಪಂಡಿತ ಅಗಸ್ಟೀನನು ಒಪ್ಪಲಿಲ್ಲ. 13ನೆಯ ಶತಮಾನದ ಧರ್ಮಪಂಡಿತ ತೋಮಸ್ ಅಕ್ವಿನಾಸನು, ಉದ್ದೇಶ ಜೀವರಕ್ಷಣೆಯಾಗಿದ್ದು ಬಲಪ್ರಯೋಗ ಮಿತಿಯಲ್ಲಿದ್ದರೆ ಅದು ನ್ಯಾಯವೆಂದನು. ಇತರರ ಜೀವದ ಹೊಣೆ ಹೊತ್ತವನಿಗೆ ರಕ್ಷಣೆಯು ಹಕ್ಕು ಮಾತ್ರವಲ್ಲ, ಗುರುತರವಾದ ಕರ್ತವ್ಯವೂ ಆಗಬಹುದೆಂದು ಕಥೋಲಿಕ ಧರ್ಮೋಪದೇಶ ಹೇಳುತ್ತದೆ. ನಾನು ಇದನ್ನು ಒಪ್ಪುತ್ತೇನೆ.

ಕರೆಂಟಿನ ತಂತಿಯನ್ನು ಮಾತ್ರ ದಯವಿಟ್ಟು ಎಳೆಯಬೇಡಿ. ತಂತಿಗೆ ರಾತ್ರಿ ಹಗಲಿನ ಭೇದವಿಲ್ಲ; ಬೆಳಗಿನ ಜಾವ ಹಾಲು ತರುವ ಹುಡುಗನೂ, ಹಗ್ಗ ಕಿತ್ತುಕೊಂಡು ಬಂದ ಕರುವೂ, ನಿಮ್ಮ ಮಗುವೂ ಅದಕ್ಕೆ ಒಂದೇ. ಕೈ ತಡೆಯಲು ಅವಕಾಶವೇ ಇಲ್ಲದ ಆಯುಧವನ್ನು ಕ್ರೈಸ್ತನು ಹೂಡುವಂತಿಲ್ಲ. ಕೋವಿಯನ್ನು ಬೀಗ ಹಾಕಿಡಿ, ತೋಟೆಗಳನ್ನು ಬೇರೆ ಕಡೆ ಇಡಿ, ಅಂಗಳದಲ್ಲಿ ನೆರಳು ಕಂಡ ಮಾತ್ರಕ್ಕೆ ಅದಕ್ಕೆ ಕೈ ಹಾಕಬೇಡಿ. ಹೋದ ಅಡಿಕೆ ಮುಂದಿನ ಕೊಯ್ಲಿಗೆ ಬರುತ್ತದೆ.

ಇನ್ನು ಹಿರಿಯರ ಮಾತು. ಯೆಹೋವನು ಪಟ್ಟಣವನ್ನು ಕಾಯದಿದ್ದರೆ ಕಾವಲುಗಾರನು ಎಚ್ಚರವಾಗಿರುವುದು ವ್ಯರ್ಥವೆಂದು 127ನೆಯ ಕೀರ್ತನೆ ಹೇಳುವುದು ನಿಜ. ಕಾವಲುಗಾರನು ಮನೆಗೆ ಹೋಗಿ ಮಲಗಲಿ ಎಂದು ಅದು ಹೇಳುವುದಿಲ್ಲ. ಯೆರೂಸಲೇಮಿನ ಗೋಡೆ ಕಟ್ಟುವಾಗ ನೆಹೆಮೀಯನು ದೇವರಿಗೆ ಪ್ರಾರ್ಥಿಸಿದನು, ಹಗಲಿರುಳು ಕಾವಲನ್ನೂ ಇಟ್ಟನು. ನಾವು ಗೋಡೆಯ ಮೇಲೆ ಒಬ್ಬರಿಗೊಬ್ಬರು ದೂರದೂರ ಇದ್ದೇವೆ, ಆದ್ದರಿಂದ ತುತೂರಿಯ ಧ್ವನಿ ಕೇಳಿದ ಕಡೆಗೆ ಎಲ್ಲರೂ ಬಂದು ಕೂಡಿರಿ ಎಂದನು. ಗುಡ್ಡಕ್ಕೊಂದು ಮನೆಯಿರುವ ಮಲೆನಾಡಿಗೆ ಇದಕ್ಕಿಂತ ಒಳ್ಳೆಯ ಸಲಹೆ ಬೇಕೇ? ಕ್ಯಾಮೆರಾ ಹಾಕಿಸಿ, ಅಂಗಳಕ್ಕೆ ದೀಪ ಇಡಿ, ನಾಯಿ ಸಾಕಿ. ನೆಟ್‌ವರ್ಕ್ ಇದ್ದರೆ 112ಕ್ಕೆ ಕರೆ ಮಾಡಿ. ಇಲ್ಲದ ಕಡೆ ಯಾರ ಕೂಗಿಗೆ ಯಾರು ಓಡಿಬರಬೇಕು ಎಂಬುದನ್ನು ಜಾತಿ ಮತ ನೋಡದೆ ನೆರೆಯವರೊಂದಿಗೆ ಕೊಯ್ಲಿಗೆ ಮೊದಲೇ ಕೂತು ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ಶಿವಮೊಗ್ಗದಿಂದ ಭದ್ರಾವತಿಗೆ ಬರುವ ಬಸ್ಸಿನಲ್ಲಿ ಕುಡುಕನೊಬ್ಬ ವಿದ್ಯಾರ್ಥಿನಿಯನ್ನು ಪೀಡಿಸುತ್ತಿದ್ದ. ನಾನು ಮನಸ್ಸಿನಲ್ಲೇ ಪ್ರಾರ್ಥಿಸಿದೆ, ಏಳಲಿಲ್ಲ. ತಪ್ಪೇ?

ಉತ್ತರ: ಪ್ರಾರ್ಥಿಸಿದ್ದು ಸರಿ, ಏಳದೆ ಕುಳಿತದ್ದು ಸರಿಯಲ್ಲ. ವಿಮೋಚನಕಾಂಡದ 2ನೆಯ ಅಧ್ಯಾಯದಲ್ಲಿ ಮೋಶೆಯು ಎರಡು ಸಲ ಪರರ ರಕ್ಷಣೆಗೆ ನಿಲ್ಲುತ್ತಾನೆ. ಮೊದಲ ಸಲ ಐಗುಪ್ತದವನನ್ನು ಕೊಂದು ಮರಳಿನಲ್ಲಿ ಹೂತು ಓಡಿಹೋಗಬೇಕಾಯಿತು. ಮಿದ್ಯಾನಿನ ಬಾವಿಯ ಬಳಿ ಕುರುಬರು ಹೆಣ್ಣುಮಕ್ಕಳನ್ನು ಅಟ್ಟಿದಾಗ ಅವನು ಎದ್ದು ನಿಂತು ಅವರನ್ನು ಕಾಪಾಡಿದನು, ಅವರ ಹಿಂಡಿಗೆ ನೀರನ್ನೂ ಕುಡಿಸಿದನು. ಅಲ್ಲಿ ರಕ್ತ ಹರಿಯಲಿಲ್ಲ. ನೀವು ಅನುಸರಿಸಬೇಕಾದದ್ದು ಈ ಎರಡನೆಯ ಮೋಶೆಯನ್ನು. ಎದ್ದು ಹೋಗಿ ಅವರಿಬ್ಬರ ನಡುವೆ ನಿಲ್ಲಿ, ಆ ಹುಡುಗಿಯನ್ನು ನಿಮ್ಮ ಸೀಟಿನಲ್ಲಿ ಕೂರಿಸಿ, ಕಂಡಕ್ಟರನ್ನು ಗಟ್ಟಿಯಾಗಿ ಕರೆಯಿರಿ. ಅವನು ಬಗ್ಗದಿದ್ದರೆ ಬಸ್ಸನ್ನು ಹತ್ತಿರದ ಠಾಣೆಗೆ ತಿರುಗಿಸುವಂತೆ ಕೇಳಿ, ಸಾಕ್ಷಿ ಹೇಳಲು ನೀವೂ ಇಳಿಯಿರಿ.